ನೀರು ಸುರಿದ ಒಲೆಗಳು

ಸ್ಕಾಟ್ಲೆಂಡಿನ ಹಳೆಯ ಜಮೀನ್ದಾರಿ ಎಸ್ಟೇಟೊಂದರ ಚರಿತ್ರೆಯನ್ನು ನಾನೂ ಮಾಧುರಿಯೂ ಎರಡು ವರ್ಷ ಕೂತು ಬರೆದೆವು ನೋಡಿ. ಹಿಂದೆ ಅಲ್ಲಿಯ ಧಣಿ ಹನ್ನೊಂದು ಒಕ್ಕಲುಮನೆಗಳ ಒಲೆ ಮತ್ತೆ ಹತ್ತದಂತೆ ನೀರು ಸುರಿಸಿ, ಜನರನ್ನು ಹೊರಹಾಕಿದ್ದ. ಅವರ ಹೆಸರುಗಳ ಪುಟ ಖಂಡಿತ ಇರುತ್ತದೆಂದು ಆ ಒಕ್ಕಲುಗಳ ಮರಿಮೊಮ್ಮಗಳು ಐಲೀನ್ ಅಜ್ಜಿಗೆ ಇಬ್ಬರೂ ಮಾತು ಕೊಟ್ಟಿದ್ದೆವು.

ಬಿಡುಗಡೆಯ ಮಧ್ಯಾಹ್ನ ಪುಸ್ತಕ ತೆರೆದರೆ ಆ ಪುಟವೇ ಇಲ್ಲ.

“ಧಣಿ ಮನಿತನದವ್ರು ಬ್ಯಾಡ ಅಂದ್ರು ಅಕ್ಕಾ. ನಿಮಗ ಹೇಳಿದ್ರ ಜಗಳಾ ತಗೀತಿದ್ರಿ,” ಎಂದು ಮಾಧುರಿ ನಕ್ಕಳು.

ಪುಟವಿರಬೇಕಾದಲ್ಲಿ ಬೆರಳಿಟ್ಟೆ. ತಣ್ಣಗೆ ಒದ್ದೆ ಬೂದಿ ಮೆತ್ತಿಕೊಂಡಿತು. ಉಳಿದ ಪ್ರತಿಗಳಲ್ಲೂ ಅಲ್ಲೇ ಬೂದಿ.

ಸಂಜೆ ಅವಳ ಫೋನು ಬಂತು. “ಅಕ್ಕಾ, ಗ್ಯಾಸಿನ ಒಲಿ ಹತ್ತವಲ್ದು. ಒರಸಿದಷ್ಟೂ ಒದ್ದಿ ಆಗ್ಲಿಕತ್ತದ.”

ಮರುದಿನ ಅವಳ ಮನೆಯವರು ಹೊಸ ಒಲೆ ತಂದರು, ಅದೂ ಹತ್ತಲಿಲ್ಲ. ಮುಖಪುಟದಲ್ಲಿ ನನ್ನ ಹೆಸರೂ ಇದೆ. ಇವತ್ತು ಬೆಳಿಗ್ಗೆ ನನ್ನ ಒಲೆ ಮುಟ್ಟಿ ನೋಡಿದೆ, ತೇವವಾಗಿತ್ತು.