ಬೇಕರಿಯವನಿಗೆ ಹೆದರಿದವಳು

ಬಾಗಿಲ ಸಂದಿನಿಂದ ದಾಲ್ಚಿನ್ನಿಯ ಪರಿಮಳ ತೂರಿಬಂದಾಗಲೇ ರೆಮೆದಿಯೋಸ್‌ಳ ಎದೆ ಡವಗುಟ್ಟಿತು. ಬೇಕರಿಯ ಫೆರ್ಮಿನ್ ಬಂದಿದ್ದ. ಕೈಯಲ್ಲಿ ಬಿಸಿ ಬನ್ನಿನ ಚೀಲ, ಕಣ್ಣಲ್ಲಿ ತುಂಟ ನಗು.

"ಟೈಲರಮ್ಮಾ, ನನ್ನ ಅಂಗಿ ಹೊಲಿದಾಯ್ತಾ?"

"ಹೋದ ವಾರವೇ ಕೊಟ್ನಲ್ಲ. ಮೈಮೇಲಿರೋದು ಯಾವುದು ಮತ್ತೆ?"

"ಓ, ಇದೇನಾ!" ಕಾಲರ್ ಮುಟ್ಟಿಕೊಂಡು ಅವಳನ್ನೇ ನೋಡಿದ. "ಹಾಗಾದ್ರೆ ಇನ್ನೊಂದು ಹೊಲಿಸ್ಬೇಕು."

ಅವಳಿಗೆ ನಗು ಬಂತು. ಅವನು ಚೀಲ ಚಾಚಿದೊಡನೆ ಆ ನಗು ಆರಿಹೋಯಿತು. "ಬೇಡ" ಎಂದವಳೇ ಬಾಗಿಲು ಹಾಕಿಬಿಟ್ಟಳು.

ಸಿಹಿ ಕಂಡರೆ ಅವಳ ಕೈ ನಿಲ್ಲುತ್ತಿರಲಿಲ್ಲ. ಮೆರಿದಾ ಊರಿನ ಸೆಕೆಗೆ ಮನೆಮನೆಯಲ್ಲೂ ನೀರಿನ ಬದಲು ಸಿಹಿ ಸೋಡಾ. ಅವಳಮ್ಮ ಸಕ್ಕರೆ ಕಾಯಿಲೆಗೆ ಒಂದು ಕಾಲನ್ನೇ ಕೊಟ್ಟಿದ್ದಳು. ತನ್ನ ಬೆರಳುಗಳೂ ಊದಿ ಸೂಜಿ ಹಿಡಿಯಲಾಗದೇ ಹೋದಾಗ ಡಾಕ್ಟರು, "ಮೈಯೊಳಗೆಲ್ಲ ಉರಿಯೂತ ಕಣಮ್ಮ. ಆರೋಕೆ ನೀನೇ ಬಿಡ್ತಿಲ್ಲ" ಎಂದಿದ್ದರು. ಅಂದಿನಿಂದ ವಾರವಾರವೂ ಚರ್ಚಿನ ಹಿಂದಿನ ಕೋಣೆಗೆ ಹೋಗಿ ಸಿಹಿಯ ಚಟ ಬಿಡಲು ಹೆಣಗುವ ತನ್ನಂಥವರ ಜೊತೆ ಕೂತು ಕಷ್ಟ ಹಂಚಿಕೊಳ್ಳುತ್ತಿದ್ದಳು. ಊತ ಇಳಿದಿತ್ತು. ಹೊಲಿಗೆ ಮತ್ತೆ ಶುರುವಾಗಿತ್ತು.

ಸ್ವಲ್ಪ ಹೊತ್ತಿಗೆ ಮತ್ತೆ ಬಾಗಿಲು ತೆಗೆದಾಗ ಅವನಿರಲಿಲ್ಲ. ಚೀಲ ಮಾತ್ರ ಹೊಸ್ತಿಲಲ್ಲಿತ್ತು. ನಿಂತಲ್ಲೇ ಅಷ್ಟನ್ನೂ ತಿಂದಳು. ಕೊನೆಕೊನೆಗೆ ರುಚಿಯೂ ತಿಳಿಯಲಿಲ್ಲ.

ಮರುದಿನ ಫೆರ್ಮಿನ್ ಮುಖ ಬಾಡಿಸಿಕೊಂಡು ಬಂದ. "ನನ್ನಿಂದ ಏನಾದ್ರೂ ತಪ್ಪಾಯ್ತಾ? ಬನ್ನು ಚೆನ್ನಾಗಿರ್ಲಿಲ್ವಾ?"

"ಒಂದೂ ಬಿಡದೆ ತಿಂದೆ."

ಅವನ ಮುಖ ಅರಳಿತು.

"ಖುಷಿಪಡಬೇಡಿ!" ಅವಳಿಗೆ ಅಳು ಒತ್ತಿಬಂತು. ಬಚ್ಚಿಟ್ಟು ತಿಂದದ್ದು, ಬೆರಳು, ಅಮ್ಮನ ಕಾಲು, ಎಲ್ಲ ಹೇಳಿಬಿಟ್ಟಳು. ಹೇಳಿ ಮುಗಿದ ಮೇಲೆ ನೆಲ ನೋಡುತ್ತ ನಿಂತಳು. ಇನ್ನು ಹೊರಟೇಹೋಗುತ್ತಾನೆ.

"ನನ್ನ ಹೊಟ್ಟೆಪಾಡೇ ಅದು," ಎಂದ ಅವನು ಮೆಲ್ಲಗೆ. "ಮೈಯೆಲ್ಲ ಸಕ್ಕರೆ ವಾಸನೆ. ಹಾಗಾದ್ರೆ ನಾನೂ ಬರಬಾರದಾ?"

"ನೀವು ಬರದಿದ್ರೆ ಅದಕ್ಕಿಂತ ಕಷ್ಟ." ಬಾಯಿ ಜಾರಿತ್ತು. ಅವಳ ಕಿವಿಯವರೆಗೂ ಕೆಂಪೇರಿತು.

ಸಂಜೆ ಇಬ್ಬರೂ ಚರ್ಚಿನ ಕಡೆ ನಡೆದರು. ಸ್ನಾನ ಮಾಡಿ, ಸೋಪಿನ ಘಮ ಹೊತ್ತು ಬಂದಿದ್ದ ಅವನಿಗೆ ಖಾಲಿ ಕೈ ಎಲ್ಲಿಡಬೇಕೆಂದೇ ತಿಳಿಯುತ್ತಿರಲಿಲ್ಲ. ಗೇಟಿನ ಹತ್ತಿರ ಅವಳು ತಡೆದು ನಿಂತಳು.

"ಮತ್ತೆ ಸೋತುಬಿಟ್ರೆ?"

"ಬಂದು ನನಗೆ ಹೇಳು. ಒಬ್ಬಳೇ ಅಳಬೇಡ."

'ನೀವು' ಹೋಗಿ 'ನೀನು' ಆದದ್ದು ಅವಳಿಗೆ ಕೇಳಿಸಿತು. ಭಯವೇನೂ ಹೋಗಲಿಲ್ಲ. ಆದರೂ ಅವನ ಕೈ ಹಿಡಿದಳು.

"ಮುಗಿಯೋವರೆಗೂ ಇಲ್ಲೇ ಇರ್ತೀಯಾ?"

ಫೆರ್ಮಿನ್ ಅಲ್ಲೇ ಚರ್ಚಿನ ಮೆಟ್ಟಿಲ ಮೇಲೆ ಕೂತೇಬಿಟ್ಟ.