ಅಜ್ಜನ ಬೈಕು ನಿಂತು ನಿಂತು ಹೋದದ್ದು

"ಮತ್ತೆ ನಿಂತೋಯ್ತು!" ಎನ್ನುತ್ತ ತನುಜಾ ಹಿಂದಿನ ಸೀಟಿನಿಂದ ಇಳಿದಳು.

ಬೈಕು ಕೆಮ್ಮಿ ಕೆಮ್ಮಿ, ನಿಡಿಗೆಯ ಬಸ್ ಸ್ಟಾಪಿನ ಎದುರು ಸುಮ್ಮನಾಗಿತ್ತು. ಸ್ವಲ್ಪ ಹೊತ್ತಿನ ಹಿಂದೆ ಮಲವಗೊಪ್ಪದಲ್ಲೂ ಹೀಗೆಯೇ ಆಗಿತ್ತು.

ಅಪ್ಪಾಜಿ ಹೆಲ್ಮೆಟ್ ತೆಗೆದು ಬೆವರು ಒರೆಸಿಕೊಂಡರು. "ಇವತ್ತಿಗೆ ಇದರ ಕತೆ ಮುಗೀತು. ಭದ್ರಾವತಿಗೆ ಹೋಗಿ ಆ ಮುರುಗೇಶಪ್ಪನ ಗ್ಯಾರೇಜ್ ಮುಂದೆ ನಿಲ್ಲಿಸ್ತೀನಿ. ಸರಿ ಮಾಡಿದ್ರೆ ಆಯ್ತು, ಇಲ್ಲಾಂದ್ರೆ ಗುಜರಿಗೆ."

"ಗುಜರಿ ಬೇಡ ಅಪ್ಪಾಜಿ! ಇದು ಅಜ್ಜನ ಗಾಡಿ."

"ಅಜ್ಜನ ಗಾಡಿ ಅಂತ ತಲೆ ಮೇಲೆ ಹೊತ್ಕೊಂಡು ಆಫೀಸಿಗೆ ಹೋಗ್ಲೇನೇ, ಮಾರಾಯ್ತಿ?"

ವೀರಪ್ಪಜ್ಜ ಶಿವನ ಪಾದ ಸೇರಿ ವರ್ಷ ಕಳೆದಿತ್ತು. ಆ ವರ್ಷವೆಲ್ಲ ಗೋಪಾಳ ಬಡಾವಣೆಯ ಅವರ ಮನೆಯಲ್ಲಿ ಯಾವ ಹಬ್ಬವೂ ಇರಲಿಲ್ಲ. ಅಜ್ಜ ಹೋದ ಮೇಲೆ ಮಾಡುವ ಮೊದಲ ಆಯುಧಪೂಜೆಗೆಂದು ಅಪ್ಪಾಜಿ ಬೈಕನ್ನು ಮುರುಗೇಶಪ್ಪನ ಹತ್ತಿರ ಸರ್ವಿಸ್ ಮಾಡಿಸಿದ್ದರು. ಭದ್ರಾವತಿ ಓಲ್ಡ್ ಟೌನಿನ ಮುರುಗೇಶಪ್ಪ ಅಜ್ಜನ ಗೆಳೆಯ. ಅಜ್ಜನಿದ್ದಾಗ ಅವರನ್ನು ಬಿಟ್ಟು ಬೇರೆ ಯಾರೂ ಬೈಕಿಗೆ ಸ್ಪ್ಯಾನರ್ ಹಾಕಿದ್ದಿಲ್ಲ. ಪೂಜೆಯ ದಿನ ಬೈಕನ್ನು ತೊಳೆದು, ವಿಭೂತಿ ಹಚ್ಚಿ, ಚೆಂಡುಹೂವಿನ ಹಾರ ಹಾಕಿದವಳು ತನುಜಾ.

ಮರುದಿನದಿಂದಲೇ ಈ ಕಾಯಿಲೆ. ಸ್ವಲ್ಪ ದೂರ ಚೆನ್ನಾಗಿ ಓಡುವುದು, ಆಮೇಲೆ ಕೆಮ್ಮಿ ನಿಲ್ಲುವುದು. ಇವತ್ತು ಬೆಳಗ್ಗೆ ಅಪ್ಪಾಜಿ ಫೋನಿನಲ್ಲಿ ಮುರುಗೇಶಪ್ಪನ ಮೇಲೆ ಕೂಗಾಡಿದ್ದರು. "ಸರ್ವಿಸ್ ಅಂತ ಕೊಟ್ರೆ ಚೆನ್ನಾಗಿದ್ದ ಗಾಡಿ ಕೆಡಿಸಿದೀರಿ! ವಯಸ್ಸಾಯ್ತು, ಕೈಲಾಗಲ್ಲ ಅಂತ ಮೊದಲೇ ಹೇಳ್ಬೇಕಿತ್ತು!"

ಅತ್ತ ಕಡೆಯಿಂದ "ತಗೊಂಡ್ ಬನ್ನಿ" ಎಂದಷ್ಟೇ ಕೇಳಿಸಿತ್ತು.

ಈಗ ಅಪ್ಪಾಜಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು ಇಣುಕಿದರು. 'ಸುಸ್' ಎಂದು ಸಣ್ಣ ಸದ್ದಾಯಿತು. "ಅರ್ಧ ಟ್ಯಾಂಕ್ ಇದೆ. ಇದಕ್ಕೇನು ರೋಗ?" ಎಂದು ಮುಚ್ಚಿ ಕಿಕ್ ಹೊಡೆದರು. ಬೈಕು ಒಂದೇ ಏಟಿಗೆ ಸ್ಟಾರ್ಟ್ ಆಯಿತು.

ಅಪ್ಪಾಜಿಯ ಬೆನ್ನಿಗೆ ಅಂಟಿ ಕೂತ ತನುಜಾಳಿಗೆ ಆ 'ಸುಸ್' ಕಿವಿಯಿಂದ ಹೋಗಲೇ ಇಲ್ಲ. ಮಲವಗೊಪ್ಪದಲ್ಲೂ ಅದೇ ಸದ್ದು ಬಂದಿತ್ತು. ಅಲ್ಲೂ ಮುಚ್ಚಳ ತೆಗೆದು ಮುಚ್ಚಿದ ಮೇಲೆಯೇ ಬೈಕು ಹೊರಟಿತ್ತು. ಅವಳಿಗೆ ಸ್ಕೂಲಿನಲ್ಲಿ ಕುಡಿಯುವ ಜ್ಯೂಸ್ ಪ್ಯಾಕೆಟ್ ನೆನಪಾಯಿತು. ಸ್ಟ್ರಾದಿಂದ ಹೀರುತ್ತಲೇ ಹೋದರೆ ಪ್ಯಾಕೆಟ್ ಚಪ್ಪಟೆಯಾಗಿ, ಜ್ಯೂಸ್ ಬರುವುದೇ ನಿಲ್ಲುತ್ತದೆ. ಸ್ಟ್ರಾದಿಂದ ಬಾಯಿ ತೆಗೆದರೆ ಗಾಳಿ ಒಳಗೆ ಹೋಗಿ ಮತ್ತೆ ಬರುತ್ತದೆ.

ಮಾಚೇನಹಳ್ಳಿ ಹತ್ತಿರ ಬೈಕು ಮತ್ತೆ ನಿಂತಿತು.

"ಅಪ್ಪಾಜಿ, ಈ ಸಲ ಮುಚ್ಚಳ ತೆಗೀಬೇಡಿ. ಬರೀ ಕಿಕ್ ಹೊಡೀರಿ."

"ನೀನ್ಯಾವಾಗ ಮೆಕ್ಯಾನಿಕ್ ಆದೆ?"

"ಒಂದ್ಸಲ, ಪ್ಲೀಸ್!"

ಅಪ್ಪಾಜಿ ಕಿಕ್ ಹೊಡೆದೇ ಹೊಡೆದರು. ಬೈಕು ಮಿಸುಕಲಿಲ್ಲ.

"ಈಗ ಮುಚ್ಚಳ ತೆಗೆದು ಹಾಕಿ."

'ಸುಸ್.' ಆಮೇಲೆ ಒಂದು ಕಿಕ್. ಬೈಕು ಗುಡುಗುಡು ಎಂದಿತು.

ಅಪ್ಪಾಜಿ ಬೈಕು ಆರಿಸಿ, ಮುಚ್ಚಳವನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. "ಹೌದಲ್ಲ! ಟ್ಯಾಂಕಿಗೆ ಗಾಳಿನೇ ಹೋಗ್ತಿಲ್ಲ. ಇಲ್ಲೊಂದು ಸಣ್ಣ ತೂತಿರುತ್ತೆ, ಅದು ಮುಚ್ಕೊಂಡಿದೆ. ಏನೋ ಬೆಳ್ಳಗೆ ಗಟ್ಟಿಯಾಗಿದೆ ನೋಡು. ಆ ಮುರುಗೇಶಪ್ಪ ಯಾವುದೋ ಪೇಸ್ಟ್ ಮೆತ್ತಿದಾನೆ! ಹೋಗಿ ಮುಖದ ಮೇಲೇ ಕೇಳ್ತೀನಿ."

ತನುಜಾ ಆ ಬಿಳಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಅಜ್ಜ ಮಾಡುತ್ತಿದ್ದಂತೆಯೇ ಅವಳು ವಿಭೂತಿಯನ್ನು ನೀರಿನಲ್ಲಿ ತೇಯ್ದು ಮೂರು ಬೆರಳಿನಿಂದ ಎಳೆದಿದ್ದಳು. ಬೇಗ ಅಳಿಸಿಹೋಗಬಾರದೆಂದು ಮುಚ್ಚಳದ ಮೇಲೆ ದಪ್ಪಗೆ ಒತ್ತಿ ಒತ್ತಿ ಹಚ್ಚಿದ್ದಳು. ಮರುದಿನ ಪ್ಯಾಂಟಿಗೆ ತಾಗುತ್ತದೆಂದು ಅಪ್ಪಾಜಿ ಅದನ್ನೆಲ್ಲ ಒರೆಸಿದ್ದರು. ತೂತಿನೊಳಗಿನದು ಮಾತ್ರ ಹಾಗೆಯೇ ಉಳಿದಿತ್ತು.

ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೇಳಿದರೆ ಮುಂದಿನ ವರ್ಷ ಪೂಜೆಯ ತಟ್ಟೆ ಅವಳ ಕೈಗೆ ಬರುತ್ತದೋ ಇಲ್ಲವೋ.

"ಅದು ಪೇಸ್ಟ್ ಅಲ್ಲ ಅಪ್ಪಾಜಿ," ಎಂದಳು. "ವಿಭೂತಿ. ನಾನೇ ಹಚ್ಚಿದ್ದು."

ಅಪ್ಪಾಜಿ ಮುಚ್ಚಳವನ್ನು ನೋಡಿದರು, ಅವಳನ್ನು ನೋಡಿದರು. ಬೈಯಲಿಲ್ಲ. "ಪಿನ್ ಇದೆಯಾ?" ಎಂದು ಕೇಳಿದರು. ತನುಜಾ ಫ್ರಾಕಿನ ಸೇಫ್ಟಿ ಪಿನ್ ಬಿಚ್ಚಿ ಕೊಟ್ಟಳು. ಅದರಿಂದ ತೂತನ್ನು ಕೆದಕಿದಾಗ ಬಿಳಿ ಪುಡಿ ಉದುರಿತು. ಅಪ್ಪಾಜಿ ಅದನ್ನು ನೆಲಕ್ಕೆ ಬೀಳಗೊಡದೆ ಅಂಗೈಯಲ್ಲಿ ಹಿಡಿದು ಹಣೆಗೆ ಒತ್ತಿಕೊಂಡರು.

"ಸರಿ, ಹತ್ತು. ಮನೆಗೆ ಹೋಗೋಣ. ಗಾಡಿ ಸರಿಯಾಯ್ತಲ್ಲ, ಇನ್ನು ಭದ್ರಾವತಿಯಲ್ಲೇನು ಕೆಲಸ?"

ತನುಜಾ ಹತ್ತಲಿಲ್ಲ. "ಮುರುಗೇಶಪ್ಪಜ್ಜ ಕಾಯ್ತಿರ್ತಾರೆ."

"ಫೋನ್ ಮಾಡಿ ಹೇಳಿದ್ರಾಯ್ತು."

"ಬೆಳಗ್ಗೆ ಫೋನ್‌ನಲ್ಲಿ ಕೂಗಾಡಿದ್ದು ಸಾಕು. ಇದನ್ನ ಎದುರಿಗೇ ಹೇಳ್ಬೇಕು."

ಅಪ್ಪಾಜಿ ಹೆಲ್ಮೆಟ್ ಹಾಕಿಕೊಂಡು ಕಿಕ್ ಹೊಡೆದರು. ಬೈಕು ಭದ್ರಾವತಿಯ ಕಡೆಗೇ ಹೊರಟಿತು. ದಾರಿಯಲ್ಲಿ ಎಲ್ಲಿಯೂ ನಿಲ್ಲಲಿಲ್ಲ.

ಓಲ್ಡ್ ಟೌನಿನ ಗ್ಯಾರೇಜಿನಲ್ಲಿ ಮುರುಗೇಶಪ್ಪ ಬೇರೆ ಗಾಡಿಗಳನ್ನೆಲ್ಲ ಪಕ್ಕಕ್ಕೆ ಸರಿಸಿ, ನೆಲಕ್ಕೆ ಗೋಣಿಚೀಲ ಹಾಸಿ, ಸ್ಪ್ಯಾನರ್‌ಗಳನ್ನು ಜೋಡಿಸಿಟ್ಟುಕೊಂಡು ಕೂತಿದ್ದರು. ಬೇರೆ ದಿನವಾದರೆ "ಬಾರವ್ವ ಹೆಡ್ ಮೇಡಮ್ಮು, ನಿಮ್ಮ ಸ್ಕೂಲಲ್ಲಿ ನನಗೂ ಒಂದು ಸೀಟ್ ಕೊಡಿಸು" ಎಂದು ತಮಾಷೆ ಮಾಡುತ್ತಿದ್ದರು. ಇವತ್ತು ಎದ್ದು ಬಂದು ಬೈಕಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಕಿವಿಗೊಟ್ಟರು.

"ಸೌಂಡ್ ಚೆನ್ನಾಗೇ ಇದೆಯಲ್ಲ ಸಾರ್," ಎಂದರು.

ಅಪ್ಪಾಜಿಯನ್ನು ಚಿಕ್ಕಂದಿನಿಂದ 'ವಿಜಯ' ಎಂದು ಕರೆಯುತ್ತಿದ್ದವರು ಇವತ್ತು 'ಸಾರ್' ಎಂದರು.

ಅಪ್ಪಾಜಿ ಬೈಕು ಆರಿಸಿದರು. "ಬಿಸಿಲು ಜಾಸ್ತಿ," ಎಂದರು.

"ಹೂಂ ಸಾರ್."

ನಡೆದದ್ದೆಲ್ಲ ತನುಜಾಳ ನಾಲಿಗೆಯ ತುದಿಗೇ ಬಂದಿತ್ತು. ಅವಳು ಹೇಳಿದ್ದರೆ ಒಂದು ನಿಮಿಷದಲ್ಲಿ ಮುಗಿಯುತ್ತಿತ್ತು. ಆದರೆ ಅವಳು ಹೇಳಬೇಕಾದದ್ದನ್ನು ಆಗಲೇ ಹೇಳಿಯಾಗಿತ್ತು. ಉಳಿದದ್ದು ಅವಳದಲ್ಲ.

ಅವಳು ಇಬ್ಬರಿಗೂ ಬೆನ್ನು ಮಾಡಿ, ರಸ್ತೆಯಲ್ಲಿ ಹೋಗುವ ಆಟೋಗಳನ್ನು ನೋಡುತ್ತ ನಿಂತಳು.

"ಮುರುಗೇಶಪ್ಪನೋರೇ," ಎಂದಿತು ಹಿಂದಿನಿಂದ ಅಪ್ಪಾಜಿಯ ದನಿ, ಎಂದೂ ಇಲ್ಲದಷ್ಟು ಮೆಲ್ಲಗೆ. "ಬೆಳಗ್ಗೆ ನಾನು ಹಾಗೆ ಮಾತಾಡಬಾರದಿತ್ತು."

ತನುಜಾ ತಿರುಗಿ ನೋಡಲಿಲ್ಲ.