ಒಲೆಯಿದ್ದ ಮೂಲೆ

ದೆವ್ವ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ನಮ್ಮ ಮನೆಯ ಮೊಸರಿನ ವಿಷಯ ಮಾತ್ರ ಹೇಳುತ್ತೇನೆ.

ಹಳೆಯ ಮನೆ ಕೊಂಡ ಮೇಲೆ ಅಡುಗೆಮನೆಯನ್ನು ಆದಷ್ಟು ನಾವೇ ಸರಿಮಾಡಿದೆವು. ಕಟ್ಟೆ ಒಡೆದು ಹೊಸ ಕಲ್ಲು ಹಾಸಿದ್ದು ಗಾರೆ ಕೆಲಸದವರು. ಗೋಡೆಗೆ ಟೈಲ್ಸ್ ಅಂಟಿಸಿದ್ದು ನಾನು. ಒಂದು ಸಾಲು ಸೊಟ್ಟಗಿದೆ. ಬಂದವರಿಗೆಲ್ಲ ಹೆಂಡತಿ ಅದನ್ನೇ ಮೊದಲು ತೋರಿಸುತ್ತಾಳೆ.

ಒಲೆಯನ್ನು ಕಿಟಕಿಯ ಬಳಿಗೆ ತಂದಿದ್ದೆವು. ಆದರೆ ಮೊದಲು ಒಲೆಯಿದ್ದ ಮೂಲೆಯಲ್ಲಿ ಹೊಸ ಕಲ್ಲು ದಿನಾ ಬೆಳಿಗ್ಗೆ ಒಂದು ತಟ್ಟೆಯಗಲ ಬೆಚ್ಚಗಿರುತ್ತಿತ್ತು, ಯಾರೋ ಈಗಷ್ಟೇ ಅಲ್ಲಿಂದ ಪಾತ್ರೆ ಎತ್ತಿದ ಹಾಗೆ.

"ಇಲ್ಲಿ ವೈರೂ ಇಲ್ಲ, ಪೈಪೂ ಇಲ್ಲ ಸಾರ್," ಎಂದ ಎಲೆಕ್ಟ್ರಿಷಿಯನ್, ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ.

"ಇರ್ಲಿ ಬಿಡಿ, ಮೊಸರಿಗೆ ಒಳ್ಳೇದಾಯ್ತು," ಅಂದಳು ಹೆಂಡತಿ. ಅಂದಿನಿಂದ ಹೆಪ್ಪು ಹಾಕಿದ ಹಾಲಿಗೆ ಅದೇ ಜಾಗ.

ಕಳೆದ ತಿಂಗಳು ಒಮ್ಮೆ ಮನೆಯಲ್ಲಿ ಮೊಸರು ಪೂರ್ತಿ ಖಾಲಿಯಾಗಿತ್ತು. ಪಕ್ಕದ ಮನೆಯಿಂದ ಹೆಪ್ಪು ತರೋಣವೆಂದು ಕಾಯಿಸಿದ ಹಾಲನ್ನು ಆ ಮೂಲೆಯಲ್ಲಿಟ್ಟವರು, ಮರೆತು ಮಲಗಿಬಿಟ್ಟೆವು. ಬೆಳಿಗ್ಗೆ ನೋಡಿದರೆ ಗಟ್ಟಿ ಮೊಸರು.

"ಹೆಪ್ಪು ನೀವು ತಂದು ಹಾಕಿದ್ರಾ?"

"ಇಲ್ವಲ್ಲ. ನೀನಲ್ವಾ?"

ಇಬ್ಬರೂ ಪಾತ್ರೆಯ ಮೇಲೆ ಬಗ್ಗಿ ನೋಡಿದೆವು. ಆಮೇಲೆ ಅವಳೇ ಒಂದು ಚಮಚ ಬಾಯಿಗಿಟ್ಟು, ಚಮಚವನ್ನು ನನ್ನ ಕೈಗೆ ಕೊಟ್ಟಳು. ನಮ್ಮ ಮೊಸರಿಗೆ ಆ ರುಚಿ ಯಾವತ್ತೂ ಬಂದಿರಲಿಲ್ಲ.

ಇವತ್ತಿಗೂ ನಮ್ಮ ಮನೆಯಲ್ಲಿ ಅದರದೇ ಹೆಪ್ಪು.